‘ಕಂಪನಿದು’ ಅಲ್ಲ, ‘ಲೋಕಲ್’ ಕೂಡ ಅಲ್ಲ: ಇಂಥ ರೇಡಿಯೇಟರನ್ನು ಏನೆಂದು ಕರೆಯೋಣ?

ಗೆಳೆಯರಿಗೆ ನಮಸ್ಕಾರ.

ಒಂದು ಪದಕ್ಕಾಗಿ ಎರಡು ವಾರದಿಂದ ಹುಡುಕುತ್ತಿದ್ದೇನೆ. ಹಿನ್ನೆಲೆ ಸ್ವಲ್ಪ ಉದ್ದ, ಆದರೆ ಅದಿಲ್ಲದೆ ಪ್ರಶ್ನೆ ಅರ್ಥವಾಗಲ್ಲ.

ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ. ನನ್ನ ಹತ್ತಿರ 1992ರ ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟಿನ, ಮೇಲ್ಹೊದಿಕೆ ಮಡಚುವ ಪುಟ್ಟ ಸ್ಪೋರ್ಟ್ಸ್ ಕಾರು. 1.6 ಲೀಟರ್ ಇಂಜಿನ್. ಹೋದ ಆಗಸ್ಟಿನಲ್ಲಿ ಟಾಹೋ ಸರೋವರಕ್ಕೆಂದು 50ನೇ ಹೆದ್ದಾರಿ ಹಿಡಿದು ಹೊರಟಿದ್ದೆ. ಪ್ಲೇಸರ್‌ವಿಲ್ ದಾಟಿ ಏರು ಶುರುವಾದ ಮೇಲೆ ಶಾಖದ ಮುಳ್ಳು ಮೇಲಕ್ಕೆ ಹೋಗತೊಡಗಿತು. ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದೆ. ಇಂಜಿನ್ನಿನ ಬಿಸಿಯನ್ನು ಹೊರಗೆ ಹಾಕುವ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಹಸಿರು ಕೂಲಂಟ್ (ಇಂಜಿನ್ನಿನ ಶಾಖ ಹೊತ್ತು ತರುವ ನೀರು) ಬುಸುಬುಸು ಅಂತ ಆವಿಯಾಗಿ ಬರುತ್ತಿತ್ತು.

ಇದು ಈ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ. ನಡುವಿನ ಜಾಲಿ ಅಲ್ಯುಮಿನಿಯಂ, ಮೇಲೆ ಕೆಳಗೆ ತೊಟ್ಟಿ ಪ್ಲಾಸ್ಟಿಕ್. ಹೊಸದರಲ್ಲಿ ಆ ಪ್ಲಾಸ್ಟಿಕ್ ಕಪ್ಪಗಿರುತ್ತದೆ. ವರ್ಷಗಟ್ಟಲೆ ಕಾದು ಕಾದು ಕಂದುಬಣ್ಣಕ್ಕೆ ತಿರುಗಿತು ಅಂದರೆ ಒಡೆಯುವ ಕಾಲ ಹತ್ತಿರ ಬಂತು ಅಂತಲೇ ಲೆಕ್ಕ. ನನ್ನದು ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ಬಂದಿತ್ತು. ನೋಡಿಯೂ ಸುಮ್ಮನಿದ್ದೆ.

ಹೊಸದನ್ನು ತರಿಸಿದೆ. ಮಾಜ್ದಾದವರದಲ್ಲ, ರೇಡಿಯೇಟರ್ ಮಾತ್ರ ಮಾಡುವ ಬೇರೊಂದು ಕಂಪನಿಯದು. ತೊಟ್ಟಿಯೂ ಅಲ್ಯುಮಿನಿಯಮ್ಮೇ, ಬೆಸುಗೆ ಹಾಕಿದ್ದು. ಜಾಲಿ ಹಳೆಯದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ದಪ್ಪ. ನಾನೇ ಎರಡು ಭಾನುವಾರ ಕೂತು ಹಾಕಿದೆ. ತುಮಕೂರಿನಲ್ಲಿರುವ ನನ್ನ ಸೋದರಮಾವನಿಗೆ ಫೋನು ಮಾಡಿ ಖುಷಿಯಿಂದ ಹೇಳಿದೆ. ಅವರು ಗ್ಯಾರೇಜಿನಲ್ಲೇ ಬದುಕು ಕಳೆದವರು.

“ಕಂಪನಿದಾ?” ಅಂದರು.

“ಅಲ್ಲ ಮಾವ, ಬೇರೆಯವರು ಮಾಡಿದ್ದು.”

“ಓ, ಲೋಕಲ್ಲಾ? ಯಾಕಪ್ಪಾ, ನಾಲ್ಕು ಕಾಸು ಉಳಿಸಕ್ಕೆ ಹೋಗಿ ಇಂಜಿನ್ ಕಳ್ಕೋತೀಯ.”

ಅವರು ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದ್ದು. ಆದರೆ ನಾನು ಅಗ್ಗಕ್ಕೆ ಅಂತ ಕೊಂಡಿರಲಿಲ್ಲ, ಗಟ್ಟಿಯಾಗಿದೆ ಅಂತ ಕೊಂಡಿದ್ದೆ. ಅದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಲು ಹೋದರೆ ಬಾಯಿ ಕಟ್ಟಿತು. ಇಲ್ಲಿ ಇಂಥದ್ದಕ್ಕೆ ‘ಆಫ್ಟರ್‌ಮಾರ್ಕೆಟ್’ ಅನ್ನುತ್ತಾರೆ. ಆ ಮಾತಿನಲ್ಲಿ ಒಳ್ಳೆಯದು, ಕೆಟ್ಟದ್ದು ಅನ್ನುವ ತೀರ್ಪಿಲ್ಲ. ಕಾರು ಮಾರಾಟವಾದ ಮೇಲೆ ಬೇರೆಯವರು ಮಾಡಿ ಮಾರುವ ಸಾಮಾನು, ಅಷ್ಟೇ. ನಮ್ಮ ಕಡೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಒಂದು ಪಾರ್ಟ್ ಕೇಳಿ: “ಒರಿಜಿನಲ್ ಬೇಕಾ, ಲೋಕಲ್ ಸಾಕಾ?” ಆ ‘ಬೇಕಾ’, ‘ಸಾಕಾ’ಗಳಲ್ಲೇ ತೀರ್ಪು ಬಂದುಹೋಯಿತು ಅಲ್ವಾ? ‘ಡೂಪ್ಲಿಕೇಟ್’ ಅಂದರಂತೂ ಕಳ್ಳಮಾಲು ಅಂತಲೇ ಕೇಳಿಸುತ್ತದೆ.

ನಾನು ಯೋಚಿಸಿ ನೋಡಿದ ಪದಗಳು ಇವು. ‘ಬದಲಿ ರೇಡಿಯೇಟರ್’ ಅನ್ನಬಹುದು. ಆದರೆ ಬದಲಿ ಬಸ್ಸು, ಬದಲಿ ಮೇಷ್ಟ್ರು ಅಂದಾಗ ಇದು ಸದ್ಯಕ್ಕೆ ಮಾತ್ರ, ಅಸಲಿಯದು ಆಮೇಲೆ ಬರುತ್ತದೆ ಅನ್ನುವ ಭಾವ ಇದೆ. ನನ್ನದು ಸದ್ಯಕ್ಕಲ್ಲ, ಕಾರು ಇರುವವರೆಗೂ ಇರಲಿ ಅಂತ ಹಾಕಿದ್ದು. ‘ಪರ್ಯಾಯ’ ನನಗೆ ಹಿಡಿಸಲಿಲ್ಲ. ಉಡುಪಿ ಕಡೆಯವರಿಗೆ ಅದು ಎರಡು ವರ್ಷಕ್ಕೊಮ್ಮೆ ಮಠದಿಂದ ಮಠಕ್ಕೆ ಹೋಗುವ ಪೂಜೆಯ ಸರದಿ. ಉಳಿದವರಿಗೆ ಪತ್ರಿಕೆಯ ಭಾಷೆ. ‘ಹೊರ ರೇಡಿಯೇಟರ್’ ಅಂದರೆ ಕಾರಿನ ಹೊರಗೆ ನೇತುಹಾಕಿದ್ದಾರೇನೋ ಅನ್ನಿಸುತ್ತದೆ.

ಕೊನೆಗೆ ನಿಂತದ್ದು ‘ಹೊರತಯಾರಿ’. ‘ಹೊರಗುತ್ತಿಗೆ’ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ, ಅದೇ ಅಚ್ಚಿನದು ಇದು. ‘ಹೊರತಯಾರಿ ರೇಡಿಯೇಟರ್’, ‘ಹೊರತಯಾರಿ ಸೈಲೆನ್ಸರ್’ ಅಂದರೆ ತಯಾರಿಸಿದ್ದು ಬೇರೆಯವರು ಅಂತಷ್ಟೇ ತಿಳಿಯುತ್ತದೆ, ಬೈಗುಳ ಇಲ್ಲ. ಆದರೂ ಕೌಂಟರಿನ ಮುಂದೆ ನಿಂತು ಯಾರಾದರೂ ಹಾಗೆ ಕೇಳುತ್ತಾರಾ? ನನಗೆ ಆ ಅನುಮಾನ ಇದೆ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ಎರಡನೆಯದು ಒಂದು ಕ್ರಿಯಾಪದದ ವಿಷಯ. ಪುಸ್ತಕದ ಕನ್ನಡದಲ್ಲಿ ‘ಅಳವಡಿಸು’ ಅನ್ನುತ್ತೇವೆ. ಮಾವ ಒಮ್ಮೆಯೂ ಹಾಗನ್ನಲಿಲ್ಲ. ಅವರದು ‘ಕೂರಿಸು’. “ಸರಿಯಾಗಿ ಕೂತಿತಾ?” ಅಂತ ಕೇಳಿದರು. ಎಷ್ಟು ಒಳ್ಳೆಯ ಪದ ನೋಡಿ. ಅಳವಡಿಸಿದೆ ಅಂದರೆ ನನ್ನ ಕೆಲಸ ಮುಗಿಯಿತು. ಕೂತಿತು ಅಂದರೆ ಸಾಮಾನು ತನ್ನ ಜಾಗ ಹಿಡಿಯಿತು. ಬ್ಲೌಸು ಮೈಗೆ ಕೂರುತ್ತದೆ, ಬಾಗಿಲು ಚೌಕಟ್ಟಿಗೆ ಕೂರುತ್ತದೆ. ಹೊರತಯಾರಿ ಸಾಮಾನಿನಲ್ಲಿ ಕಷ್ಟ ಇರುವುದೇ ಇಲ್ಲಿ. ನನ್ನ ರೇಡಿಯೇಟರ್ ಮೊದಲ ಸಲಕ್ಕೆ ಕೂರಲಿಲ್ಲ. ಫ್ಯಾನಿನ ಚೌಕಟ್ಟಿನ ಒಂದು ತೂತು ಅರ್ಧ ಬೋಲ್ಟಿನಷ್ಟು ಆಚೆಗಿತ್ತು. ಅರ ಹಿಡಿದು ಆ ತೂತನ್ನು ಉದ್ದ ಮಾಡಿದೆ. ಜಾಲಿ ದಪ್ಪ ಆದ್ದರಿಂದ ಫ್ಯಾನು ಇಂಜಿನ್ನಿನ ಕಡೆ ಸರಿದಿತ್ತು, ಬೆರಳು ತೂರಿಸುವಷ್ಟೇ ಸಂದು ಉಳಿದಿದೆ. ‘ಅಳವಡಿಸಿದೆ, ಆದರೆ ಕೂರಲಿಲ್ಲ’ ಅನ್ನುವ ವಾಕ್ಯ ಕನ್ನಡದಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಧಾರವಾಡದ ಕಡೆ ‘ಕುಂದ್ರಿಸು’ ಅನ್ನುತ್ತೀರಿ. ಗ್ಯಾರೇಜಿನಲ್ಲೂ ಅದೇ ಮಾತಾ?

ಜಾಲಿಯ ಒಳಗೆ, ನೀರು ಹರಿಯುವ ಕೊಳವೆಗಳ ನಡುವೆ, ತೆಳು ತಗಡಿನ ಪಟ್ಟಿಗಳಿವೆ. ಇಂಗ್ಲಿಷಿನವರು ಅದಕ್ಕೆ ‘ಫಿನ್’ ಅಂತ ಮೀನಿನ ಈಜುರೆಕ್ಕೆಯ ಹೆಸರಿಟ್ಟಿದ್ದಾರೆ. ನಾನು ಹತ್ತಿರದಿಂದ ನೋಡಿದಾಗ ನನಗೆ ಮೀನು ಕಾಣಲಿಲ್ಲ. ಹಾವಿನಂತೆ ಹಿಂದೆ ಮುಂದೆ ಮಡಚಿಕೊಂಡು ಹೋದ ತಗಡು, ಥೇಟ್ ಸೀರೆಯ ನೆರಿಗೆ. ಉಗುರು ತಾಗಿದರೂ ಬಾಗುತ್ತದೆ. ಬಾಗಿದ್ದನ್ನು ಚಿಕ್ಕ ಸ್ಕ್ರೂಡ್ರೈವರಿನಿಂದ ಒಂದೊಂದಾಗಿ ನೆಟ್ಟಗೆ ಮಾಡುತ್ತಾ ಕೂತಿದ್ದೆ. ಅದು ನೆರಿಗೆ ಸರಿಮಾಡುವ ಕೆಲಸವೇ. ‘ರೇಡಿಯೇಟರಿನ ನೆರಿಗೆ’ ಅಂತ ಬರೆದರೆ ನಿಮಗೆ ಅರ್ಥವಾಗುತ್ತದಾ?

ಇನ್ನೊಂದು ತೊಡಕು. ರೇಡಿಯೇಟರ್ ನೀರನ್ನು ‘ತಣ್ಣಗೆ’ ಮಾಡಲ್ಲ. ಮುಚ್ಚಳ ಸುಮಾರು 1 ಬಾರ್ (ಹೊರಗಿನ ಗಾಳಿಯ ಒತ್ತಡದಷ್ಟು) ಹೆಚ್ಚಿನ ಒತ್ತಡ ಹಿಡಿದಿಡುವುದರಿಂದ ಒಳಗೆ ಬರೀ ನೀರಿದ್ದರೂ 120 ಡಿಗ್ರಿ ಹತ್ತಿರ ಹೋಗುವವರೆಗೆ ಕುದಿಯಲ್ಲ. ರೇಡಿಯೇಟರ್ ದಾಟಿ ಬಂದ ನೀರು ಮುಟ್ಟಿದರೂ ಕೈ ಸುಡುತ್ತದೆ. ಹಾಗಾಗಿ ‘ತಂಪು ಮಾಡು’ ಸುಳ್ಳಾಗುತ್ತದೆ. ಕಾಫಿ ಆರುತ್ತದೆ ಅನ್ನುತ್ತೇವಲ್ಲ, ಆ ‘ಆರು’ ಇಲ್ಲಿಗೆ ಸರಿ. ಆದರೆ ‘ನೀರನ್ನು ಆರಿಸುತ್ತದೆ’ ಅಂದ ಕೂಡಲೇ ಆಯ್ದುಕೊಳ್ಳುವುದು, ದೀಪ ಆರಿಸುವುದು ಎಲ್ಲ ಅಡ್ಡ ಬರುತ್ತವೆ. ‘ಶಾಖ ಇಳಿಸು’ ಅಂತ ಸದ್ಯಕ್ಕೆ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ತಿಳಿಸಿ.

ಕಡೆಯದಕ್ಕೆ ಪದ ಸಿಕ್ಕಿದೆ. ಈ ಕಾರಿಗೆ ಸುಮಾರು 6 ಲೀಟರ್ ಕೂಲಂಟ್ ಹಿಡಿಸುತ್ತದೆ. ನಾನು ಸುರಿದಾಗ ನಾಲ್ಕೂವರೆಗೇ ತುಂಬಿತು. ಉಳಿದ ಜಾಗದಲ್ಲಿ ಗಾಳಿ. ಕಾರಿನ ಮೂತಿ ಎತ್ತಿ ನಿಲ್ಲಿಸಿ, ಮುಚ್ಚಳ ತೆಗೆದು, ಹೀಟರ್ ಪೂರ್ತಿ ಹಾಕಿ ತಣ್ಣಗಿದ್ದ ಇಂಜಿನ್ನನ್ನು ಶುರುಮಾಡಿದೆ. ಅದು ಕಾಯುತ್ತಾ ಬಂದಂತೆ ಬುಳಬುಳ ಅಂತ ಗುಳ್ಳೆ ಎದ್ದವು, ಮಟ್ಟ ಗಬಕ್ಕನೆ ಇಳಿಯಿತು. ಮತ್ತೆ ಸುರಿದೆ. ಮಾವನಿಗೆ ಹೇಳಿದಾಗ “ಗಾಳಿ ಹಿಡಿದಿತ್ತು ಅನ್ನು, ನಮ್ಮ ತೋಟದ ಪಂಪ್‌ಸೆಟ್ ಥರ” ಅಂದರು. ಇಲ್ಲಿ ಹೀಗೆ ಗಾಳಿ ತೆಗೆಯುವುದಕ್ಕೆ ‘ಬ್ಲೀಡ್’ ಅಂತ ರಕ್ತ ಸುರಿಸುವ ಮಾತನ್ನು ಬಳಸುತ್ತಾರೆ. ನಮ್ಮ ‘ಗಾಳಿ ಹಿಡಿ’, ‘ಗಾಳಿ ಬಿಡಿಸು’ ಜೋಡಿ ಅದಕ್ಕಿಂತ ಎಷ್ಟೋ ಚೆನ್ನಾಗಿದೆ. ಬೋರ್‌ವೆಲ್ ಇರುವ ಯಾವ ರೈತನಿಗೂ ವಿವರಿಸಬೇಕಾಗಿಲ್ಲ.

ಇಷ್ಟೆಲ್ಲ ಯಾಕೆ ಕೇಳುತ್ತಿದ್ದೇನೆ ಅಂದರೆ, ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾವ ಓದಿದರೆ ಎಲ್ಲೂ ತಡೆಯಬಾರದು, ಅದೇ ನನ್ನ ಅಳತೆ. ನಿಘಂಟಿನ ಪದಕ್ಕಿಂತ ಅಂಗಡಿಯ ಪದ ನನಗೆ ಬೇಕು. ನಿಮ್ಮೂರಿನ ಸ್ಪೇರ್‌ಪಾರ್ಟ್ಸ್ ಅಂಗಡಿಯವರು, ಕಾರಿನ ಕಂಪನಿಯದಲ್ಲದ ಆದರೆ ಒಳ್ಳೆಯ ಸಾಮಾನನ್ನು ಕೈಗಿಡುವಾಗ ಏನಂತ ಹೇಳಿ ಕೊಡುತ್ತಾರೆ? ಊರಿನ ಹೆಸರಿನ ಜೊತೆ ಆ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ.