ಡಾಕ್ಟರು ಅಪ್ಪನ ಜೊತೆ ಮಾತೇ ಆಡುವುದಿಲ್ಲ, ಏನು ಮಾಡಲಿ?

ಹಾಸನದ_ಮಗ:
ಅಪ್ಪನಿಗೆ 68 ವರ್ಷ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ಲಿವರ್‌ಗೂ ಹರಡಿದೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅಡ್ಮಿಟ್ ಮಾಡಿದ್ದೇವೆ. ಚಿಕಿತ್ಸೆ ಬಗ್ಗೆ ದೂರಿಲ್ಲ. ಆದರೆ ರೌಂಡ್ಸ್‌ಗೆ ಬರುವವರು ಫೈಲ್ ನೋಡುತ್ತಾರೆ, ಸ್ಕ್ಯಾನ್ ನೋಡುತ್ತಾರೆ, ನನ್ನ ಜೊತೆ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಹೊರಟುಬಿಡುತ್ತಾರೆ. ಅಪ್ಪ ಅಲ್ಲೇ ಮಲಗಿರುತ್ತಾರೆ, ಅವರ ಮುಖ ಕೂಡ ಯಾರೂ ನೋಡುವುದಿಲ್ಲ. ಇತ್ತ ಅಮ್ಮ, ದೊಡ್ಡಪ್ಪ ಇಬ್ಬರೂ ಕ್ಯಾನ್ಸರ್ ಅಂತ ಹೇಳಲೇಬೇಡ ಎನ್ನುತ್ತಾರೆ. ಹೊಟ್ಟೆಯಲ್ಲಿ ಹುಣ್ಣು ಅಂತ ಹೇಳಿದ್ದೇವೆ. ನಿನ್ನೆ ಅಪ್ಪ "ಹುಣ್ಣಿಗೆ ಇಷ್ಟೊಂದು ಬಾಟಲಿ ಹಾಕ್ತಾರೇನೋ?" ಎಂದು ಕೇಳಿದರು. ಹೇಳಬೇಕಾ, ಬೇಡವಾ?

ಸಿಸ್ಟರ್_ಶಿವಮೊಗ್ಗ:
ಪ್ಯಾಲಿಯೇಟಿವ್ ಕೇರ್ (ದೊಡ್ಡ ಕಾಯಿಲೆ ಇರುವವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆ) ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ನಿಮ್ಮ ತಂದೆಗೆ ಅರ್ಧ ಗೊತ್ತಾಗಿದೆ, ಅದಕ್ಕೇ ಕೇಳುತ್ತಿದ್ದಾರೆ. ನೀವು ಹೇಳುವ ಮೊದಲು ಅವರನ್ನೇ ಕೇಳಿ. "ಏನಾಗಿದೆ ಅಂತ ಅನ್ಸುತ್ತೆ ಅಪ್ಪ? ಎಲ್ಲ ತಿಳ್ಕೋಬೇಕಾ, ಇಲ್ಲ ನಾನೇ ನೋಡ್ಕೊಳ್ಳಲಾ?" ಕೆಲವರು "ನೀನೇ ನೋಡ್ಕೋ" ಎನ್ನುತ್ತಾರೆ. ಆಗ ಬಲವಂತ ಮಾಡಬೇಡಿ. ಆದರೆ ಆ ತೀರ್ಮಾನ ಅವರದ್ದಾಗಿರಬೇಕು, ದೊಡ್ಡಪ್ಪನದ್ದಲ್ಲ.

ಇನ್ನೊಂದು, ನೋವು ಎಷ್ಟಿದೆ ಅಂತ ಯಾರಾದರೂ ಕೇಳಿದ್ದಾರಾ? ಈ ಕ್ಯಾನ್ಸರ್‌ನಲ್ಲಿ ನೋವು ಬೆನ್ನಿಗೂ ಬರುತ್ತದೆ, ಎಷ್ಟೋ ಗಂಡಸರು ಬಾಯಿಬಿಟ್ಟು ಹೇಳುವುದೇ ಇಲ್ಲ. ಜೋರು ನೋವಿಗೆ ಕೊಡುವ ಮಾರ್ಫಿನ್ ಔಷಧಿ ಅಂದರೆ ಮನೆಯವರು ಹೆದರುತ್ತಾರೆ. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಅಳತೆಯಲ್ಲಿ ಕೊಟ್ಟರೆ ಚಟದ ಭಯ ತುಂಬಾ ಕಡಿಮೆ. ಮೋಷನ್ ಗಟ್ಟಿಯಾಗುತ್ತದೆ, ಅದಕ್ಕೆ ಶುರುವಿನಿಂದಲೇ ಔಷಧಿ ಕೇಳಿ ತೆಗೆದುಕೊಳ್ಳಿ.

ಪಿಜಿ_ಹುಬ್ಬಳ್ಳಿ:
ನಾನು ಡಾಕ್ಟರ್. ರೋಗಿಗಳು ಜಾಸ್ತಿ, ಸಮಯ ಕಡಿಮೆ ಅನ್ನುವುದು ನಿಜ, ಆದರೆ ರೋಗಿಯ ಮುಖ ನೋಡದೆ ಹೋಗುವುದಕ್ಕೆ ಅದು ಕಾರಣವಾಗಬಾರದು. ಇದು ಇಲ್ಲಿಯದೊಂದೇ ಕಥೆಯೂ ಅಲ್ಲ. 1984ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ರೋಗಿ ತನ್ನ ಕಷ್ಟ ಹೇಳಲು ಶುರು ಮಾಡಿದ ಸರಾಸರಿ 18 ಸೆಕೆಂಡಿಗೇ ಡಾಕ್ಟರು ಮಾತು ತಡೆದಿದ್ದರು. ನಮ್ಮಲ್ಲಿ 2019ರ ಎಂಬಿಬಿಎಸ್ ಬ್ಯಾಚ್‌ನಿಂದ ರೋಗಿಯ ಜೊತೆ ಮಾತಾಡುವುದನ್ನೂ ಪಾಠವಾಗಿ ಕಲಿಸುತ್ತಿದ್ದಾರೆ. ಅದಕ್ಕೂ ಮೊದಲು ಓದಿದವರು ಸೀನಿಯರ್‌ಗಳನ್ನು ನೋಡಿ ಕಲಿತಿದ್ದಷ್ಟೇ.

ರೌಂಡ್ಸ್ ಹೊತ್ತಲ್ಲಿ ಇದು ಆಗುವುದಿಲ್ಲ. ಫ್ಯಾಮಿಲಿ ಮೀಟಿಂಗ್ ಬೇಕು ಅಂತ ಡ್ಯೂಟಿ ಡಾಕ್ಟರಿಗೆ ಹೇಳಿ ಸಮಯ ತೆಗೆದುಕೊಳ್ಳಿ. ಮಂಚದ ಪಕ್ಕ ಒಂದು ಕುರ್ಚಿ ಇಡಿ, ಕೂತ ಡಾಕ್ಟರು ನಿಧಾನವಾಗಿ ಮಾತಾಡುತ್ತಾರೆ. "ಸರ್, ಅಪ್ಪನಿಗೆ ಕನ್ನಡದಲ್ಲಿ ಹೇಳಿ, ಅವರನ್ನೇ ಕೇಳಿ" ಅಂತ ನೇರವಾಗಿ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತುಮಕೂರು_ಅಕ್ಕ:
ನಮ್ಮ ಅತ್ತೆಗೆ ಹೇಳಿದ ಮೇಲೆ ಒಂದು ದಿನ ಪೂರ್ತಿ ಅತ್ತರು. ಆಮೇಲೆ ಮಾತು ಬಿಟ್ಟಿದ್ದ ತಂಗಿಯನ್ನು ಕರೆಸಿಕೊಂಡರು, ಒಡವೆ ಯಾರಿಗೆ ಅಂತ ತಾವೇ ಹೇಳಿದರು, ಇನ್ನು ಕೀಮೋ ಬೇಡ ಎಂದರು. ಸುಳ್ಳು ಹೇಳಿಕೊಂಡೇ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ ಅಲ್ವಾ? ಮುಂದೆ ಮನೆಯಲ್ಲಿ ನೋಡಿಕೊಳ್ಳುವುದು ಕಷ್ಟವಾದರೆ ಬೆಂಗಳೂರಿನಲ್ಲೇ ಕರುಣಾಶ್ರಯ ಇದೆ. 1999ರಿಂದ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದ್ದಾರೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಪ್ಯಾಲಿಯೇಟಿವ್ ವಿಭಾಗ ಇದೆ.

ಹಾಸನದ_ಮಗ:
ಎಲ್ಲರಿಗೂ ಥ್ಯಾಂಕ್ಸ್. ನೋವಿನ ಬಗ್ಗೆ ಈಗ ಕೇಳಿದೆ, ರಾತ್ರಿ ನಿದ್ದೆಯೇ ಬರುತ್ತಿಲ್ಲವಂತೆ. ದೊಡ್ಡಪ್ಪನನ್ನು ಒಪ್ಪಿಸುವುದು ಹೇಗೆ?

ಸಿಸ್ಟರ್_ಶಿವಮೊಗ್ಗ:
ನೋವಿನ ವಿಷಯ ಇವತ್ತೇ ಡ್ಯೂಟಿ ಡಾಕ್ಟರಿಗೆ ಹೇಳಿ, ನಾಳೆಗೆ ಬಿಡಬೇಡಿ. ದೊಡ್ಡಪ್ಪನನ್ನು ನೀವು ಒಪ್ಪಿಸಲು ಹೋಗಬೇಡಿ, ಮೀಟಿಂಗಿಗೆ ಕರೆದುಕೊಂಡು ಬನ್ನಿ. ಅವರ ಭಯ ಏನು ಅಂತ ಡಾಕ್ಟರೇ ಮೊದಲು ಅವರನ್ನು ಕೇಳಲಿ.