ಹಿಗ್ಗಿನ್‌ಬಾಥಮ್ ಅಂದ್ರೆ ಏನು ಸ್ವಾಮಿ?

ಪ್ರಶ್ನೆ:
ಎಲ್ರಿಗೂ ನಮಸ್ಕಾರ. ಹೋದ ವಾರ ಮನೆ ಖಾಲಿ ಮಾಡುವಾಗ ತಾತನ ಟ್ರಂಕಲ್ಲಿ ಒಂದು ಹಳೇ ಇಂಗ್ಲಿಷ್ ಡಿಕ್ಷನರಿ ಸಿಕ್ತು. ರಟ್ಟಿನ ಒಳಗಡೆ ಮೂಲೇಲಿ ಹೆಬ್ಬೆರಳ ಉಗುರಿನಷ್ಟು ಒಂದು ಚೀಟಿ ಅಂಟಿಸಿದಾರೆ, ‘ಹಿಗ್ಗಿನ್‌ಬಾಥಮ್ಸ್, ಬ್ಯಾಂಗಲೋರ್’ ಅಂತ. ಎಂಜಿ ರೋಡ್ ಅಂಗಡೀದೇ ಅದು, ಗೊತ್ತು. ಚಿಕ್ಕವನಿದ್ದಾಗ ಆ ಬೋರ್ಡ್ ನೋಡಿ ಕೇಸರಿಬಾತ್ ಖಾರಾಬಾತ್ ತರ ಇದೂ ಯಾವ್ದೋ ಬಾತು, ತಿಂದ್ರೆ ಹಿಗ್ಗು ಬರುತ್ತೆ ಅನ್ಕೊಂಡಿದ್ದೆ, ಅಪ್ಪ ಒಳಗೆ ಕರ್ಕೊಂಡು ಹೋದ್ಮೇಲೆ ಬರೀ ಪುಸ್ತಕ ನೋಡಿ ಮುಖ ಸಪ್ಪೆ ಆಗಿತ್ತು. ಈಗ ಮಗಳು ಆ ಚೀಟಿ ಓದಿ ‘ಬಾಟಮ್ಮಾ, ಯಾರಾದ್ರೂ ಹಂಗೆ ಹೆಸರಿಟ್ಕೋತಾರಾ’ ಅಂತ ನಗ್ತಾ ಇದಾಳೆ. ಇದು ಮನುಷ್ಯರ ಹೆಸರಾ, ಊರಿನ ಹೆಸರಾ? ಅರ್ಥ ಏನು, ಇಂಗ್ಲೆಂಡಲ್ಲಿ ಎಷ್ಟು ಜನ ಇದಾರೆ ಈ ಹೆಸರಿನೋರು? ಗ್ರೂಪಲ್ಲಿ ವಂಶಾವಳಿ ಕೆಲ್ಸ ಮಾಡೋರೊಬ್ರು ಇದಾರಲ್ಲ, ಅವ್ರು ದಯವಿಟ್ಟು ಹೇಳ್ಬೇಕು.

ಉತ್ತರ:
ನಾನೇ ಅದು. ಮ್ಯಾಂಚೆಸ್ಟರ್ ಹತ್ರ ಇದೀನಿ, ಬೇರೆಯೋರ ಮುತ್ತಜ್ಜಂದಿರನ್ನ ಹುಡುಕಿಕೊಡೋದೇ ಹೊಟ್ಟೆಪಾಡು. ನೀವು ಕೇಳಿರೋ ಹೆಸರು ಹುಟ್ಟಿದ ಜಾಗ ನಮ್ಮನೆಯಿಂದ ಕಾರಲ್ಲಿ ಅರ್ಧ ಗಂಟೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದ್ರೆ ಬಿಟ್ಟು ಮುಂದೆ ಹೋಗಿ.

ಅಂಗಡಿ ಕಥೆ ಮೊದ್ಲು ಮುಗಿಸ್ತೀನಿ. ಏಬೆಲ್ ಜೋಶುವಾ ಹಿಗ್ಗಿನ್‌ಬಾಥಮ್ ಅನ್ನೋ ಇಂಗ್ಲಿಷಿನವನು 1844ರಲ್ಲಿ ಮದ್ರಾಸಲ್ಲಿ ಶುರು ಮಾಡಿದ್ದು ಅದು. ನಡೀತಾ ಇರೋ ಪುಸ್ತಕದಂಗಡಿಗಳಲ್ಲಿ ನಮ್ಮ ದೇಶದಲ್ಲೇ ಹಳೇದು ಅಂತಾರೆ. ಬೆಂಗ್ಳೂರಿನದು 1905ರದ್ದು. ಹಾಗಾಗಿ ಅದು ಮನುಷ್ಯನ ಹೆಸರೇ. ಆದ್ರೆ ಆ ಮನುಷ್ಯನಿಗೆ ಹೆಸರು ಬಂದಿದ್ದು ಊರಿಂದ, ಊರು ಅನ್ನೋದಕ್ಕಿಂತ ಒಂದು ತಗ್ಗಿಂದ.

ಹಳೇ ಇಂಗ್ಲಿಷಲ್ಲಿ ‘ಬೊಟ್ಮ್’ ಅಂದ್ರೆ ಕಣಿವೆಯ ತಳ, ಎರಡು ದಿಣ್ಣೆ ಮಧ್ಯೆ ಹಳ್ಳ ಹರಿಯೋ ಅಗಲವಾದ ತಗ್ಗು ಜಾಗ. ನಮ್ಮ ಹುಬ್ಬಳ್ಳಿ ಧಾರವಾಡ ಕಡೆ ತಗ್ಗಿನಮನಿ ಅಂತ ಅಡ್ಡಹೆಸರು ಇದ್ಯಲ್ಲ, ಅದೇ ಲೆಕ್ಕ ನೋಡಿ. ಮೊದಲ ಭಾಗ ‘ಹಿಗ್ಗಿನ್’ಗೆ ಹೆಸರಿನ ನಿಘಂಟುಗಳು ತೋರಿಸೋದು ಬೋಲ್ಟನ್ ಊರಿನ ಓಕನ್‌ಬಾಟಮ್ ಅನ್ನೋ ಜಾಗನ, ಅಂದ್ರೆ ಓಕ್ ಮರಗಳ ತಗ್ಗು. ಇವತ್ತಿಗೂ ಬೋಲ್ಟನ್ನಲ್ಲಿ ಓಕನ್‌ಬಾಟಮ್ ರೋಡ್ ಅಂತ ಇದೆ, ಹೋಗಿ ನಿಂತ್ರೆ ಸಾಲು ಇಟ್ಟಿಗೆ ಮನೆ, ಕಾರುಗಳು, ರಸ್ತೆ ಮಾತ್ರ ಹಳ್ಳದ ಕಡೆ ಇಳಿಯುತ್ತೆ, ಅಷ್ಟೇ ಉಳ್ಕೊಂಡಿರೋದು. ಓಕನ್ ಹೋಗಿ ಹಿಗ್ಗಿನ್ ಹೆಂಗಾಯ್ತು ಅಂದ್ರೆ, ಈ ಕಡೆ ಆಡುಮಾತಲ್ಲಿ ರೋವನ್ ಮರಕ್ಕೆ ‘ಹಿಕ್ಕನ್’ ಅಂತಿದ್ರು, ಕೆಂಪು ಗೊಂಚಲು ಹಣ್ಣು ಬಿಡುತ್ತಲ್ಲ ಆ ಮರ. ಜನ ಒಂದು ಮರದ ಜಾಗಕ್ಕೆ ಇನ್ನೊಂದು ಮರ ಕೂರಿಸಿದ್ರು ಅಂತ ವಿವರಣೆ. ಆಮೇಲೆ ಹಿಗ್ಗಿನ್ಸ್ ಅನ್ನೋ ಪರಿಚಿತ ಹೆಸರು ಬೇರೆ ಇತ್ತು, ಅದು ರಿಚರ್ಡ್‌ನ ಮುದ್ದು ಹೆಸರು ಹಿಕ್‌ನಿಂದ ಬಂದಿದ್ದು. ಅದರ ಪ್ರಭಾವಾನೂ ಬಿದ್ದಿರ್ಬೇಕು. ‘ಹಿಗ್ಗಿನ್ ಅನ್ನೋನ ಕಣಿವೆ’ ಅಂತ ನೆಟ್ಟಲ್ಲಿ ಸಿಗುತ್ತೆ, ನನಗೆ ಅದು ಸರಿ ಅನ್ಸಲ್ಲ, ಹೆಸರು ಕೇಳಿ ಆಮೇಲೆ ಕಟ್ಟಿದ ಕಥೆ ಅದು.

ಮಗಳಿಗೆ ಇದನ್ನ ಹೇಳಿ: ಬಾಟಮ್ ಅಂದ್ರೆ ಕುಂಡೆ ಅನ್ನೋ ಅರ್ಥ ಇಂಗ್ಲಿಷಿಗೆ ಬಂದಿದ್ದೇ 18ನೇ ಶತಮಾನದ ಕೊನೇಲಿ. ಈ ಅಡ್ಡಹೆಸರುಗಳು ಗಟ್ಟಿಯಾಗಿದ್ದು 13, 14ನೇ ಶತಮಾನದಲ್ಲಿ. ಸುಮಾರು ನಾನೂರು ವರ್ಷ ಈ ಹೆಸರಿಗೆ ಯಾರೂ ನಕ್ಕಿಲ್ಲ.

ಇನ್ನೊಬ್ರ ಪ್ರಶ್ನೆ:
ಆದ್ರೆ ಸರ್, ‘ಬಾಥಮ್’ ಅಂತ ಟಿ ಪಕ್ಕ ಹೆಚ್ ಹಾಕಿ ಬರೆಯೋದು ನಾಚಿಕೆ ಮುಚ್ಚೋಕೆ ತಾನೆ? ಬಾಟಮ್ ಅಂತ ಬರೆದ್ರೆ ಜನ ನಗ್ತಾರೆ ಅಂತ ಸ್ಟೈಲಾಗಿ ಬದಲಾಯಿಸ್ಕೊಂಡಿದಾರೆ ಅಂತ ಎಲ್ಲೋ ಓದಿದೀನಿ.

ಉತ್ತರ:
ಎಲ್ರೂ ಹಂಗೇ ಹೇಳ್ತಾರೆ, ಮುಕ್ಕಾಲು ಪಾಲು ತಪ್ಪು. ಬೊಟ್ಮ್ ಜೊತೆಗೆ ‘ಬೊಥ್ಮ್’ ಅನ್ನೋ ರೂಪಾನೂ ಮೊದಲಿಂದ ಇತ್ತು, ಉತ್ತರದ ಕಡೆ ಜನ ಹಂಗೇ ಅಂತಿದ್ರು. ಹಳೇ ದಾಖಲೆಗಳಲ್ಲಿ ಥ ಇರೋ ಹೆಸರುಗಳು ಬೇಕಾದಷ್ಟಿವೆ, ನಗು ಬರೋ ಅರ್ಥ ಹುಟ್ಟೋಕೆ ಮುಂಚೇನೇ. ಆಮೇಲಿನ ಕಾಲದಲ್ಲಿ ಎರಡು ಸ್ಪೆಲ್ಲಿಂಗಲ್ಲಿ ಒಂದನ್ನ ಆರಿಸ್ಕೋಬೇಕಾದಾಗ ಕೆಲವರು ಥ ಕಡೆ ವಾಲಿರ್ಬಹುದು, ಅಷ್ಟು ಒಪ್ಕೋತೀನಿ. ಇಂಗ್ಲೆಂಡಲ್ಲಿ ಇನ್ನೊಂದು ವಿಚಿತ್ರ ಅಂದ್ರೆ ಥ ಹಾಕಿ ಬರೆದು ‘ಹಿಗಿನ್‌ಬಾಟಮ್’ ಅಂತಾನೇ ಓದೋರೂ ಇದಾರೆ. ಬರವಣಿಗೆ ನೋಡಿ ಮನೆತನ ಬೇರೆ ಅಂತ ತೀರ್ಮಾನ ಮಾಡೋಕೆ ಹೋಗ್ಬೇಡಿ.

ಒಂದು ಉದಾಹರಣೆ ಕೊಡ್ತೀನಿ. ಸ್ಟಾಕ್‌ಪೋರ್ಟ್ ಕಡೆಯ ಒಂದು ಚರ್ಚಿನ ರಿಜಿಸ್ಟರ್ ನೋಡ್ತಿದ್ದೆ, ಮೈಕ್ರೋಫಿಲ್ಮಲ್ಲಿ. ಒಬ್ಬ ನೇಕಾರನ ಮೊದಲ ಮಗುವಿನ ದೀಕ್ಷಾಸ್ನಾನಕ್ಕೆ ‘ಹೆಗಿನ್‌ಬಾಟಮ್’ ಅಂತ ಬರ್ದಿದಾರೆ, ಎರಡನೇದಕ್ಕೆ ‘ಹಿಗ್ಗಿನ್‌ಬಾಥಮ್’, ನಾಲ್ಕು ವರ್ಷ ಬಿಟ್ಟು ಅದೇ ಎರಡನೇ ಮಗು ಸತ್ತಾಗ ‘ಹಿಕ್ಕಿನ್‌ಬಾಥಮ್’. ಅಪ್ಪ ಅಮ್ಮ ಅವ್ರೇ, ಹಳ್ಳಿನೂ ಅದೇ, ಬರೆದ ಕೈ ಮಾತ್ರ ಬೇರೆ. ಅಪ್ಪನಿಗೆ ಓದೋಕೆ ಬರ್ತಿರ್ಲಿಲ್ಲ, ಮದುವೆ ರಿಜಿಸ್ಟರಲ್ಲಿ ಅವನ ಸಹಿ ಜಾಗದಲ್ಲಿ ಒಂದು ಇಂಟು ಮಾರ್ಕಿದೆ. ಅವನ ಹೆಸರು ಹೆಂಗೆ ಬರೀಬೇಕು ಅನ್ನೋದು ಗುಮಾಸ್ತನ ಕಿವಿಗೆ ಬಿಟ್ಟಿದ್ದು. 1538ರಲ್ಲಿ ಚರ್ಚುಗಳು ರಿಜಿಸ್ಟರ್ ಇಡ್ಬೇಕು ಅಂತ ಆಜ್ಞೆ ಆಯ್ತು, 1837ರ ಜುಲೈಯಿಂದ ಸರ್ಕಾರೀ ಜನನ ಮರಣ ನೋಂದಣಿ, 1870ರಲ್ಲಿ ಶಾಲೆ ಕಾಯಿದೆ. ಮಕ್ಕಳು ಸ್ಲೇಟಲ್ಲಿ ತಮ್ಮ ಹೆಸರು ತಾವೇ ಬರೆಯೋಕೆ ಕಲಿತ ಮೇಲೇನೇ ಸ್ಪೆಲ್ಲಿಂಗ್ ನಿಂತಿದ್ದು. ಆ ಹೊತ್ತಿಗೆ ಅಣ್ಣತಮ್ಮಂದಿರ ಮಕ್ಕಳು ಬೇರೆ ಬೇರೆ ಸ್ಪೆಲ್ಲಿಂಗಿಗೆ ಅಂಟ್ಕೊಂಡಿದ್ರು.

ಕ್ರಿಕೆಟ್ ಹುಚ್ಚಿರೋರೊಬ್ರು:
ಹಂಗಾದ್ರೆ ನಮ್ಮ ಇಯಾನ್ ಬೋಥಮ್ಮು? ಸೈಡ್‌ಬಾಟಮ್ಮು?

ಉತ್ತರ:
ಹೌದು! ಈ ಪ್ರಶ್ನೆ ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ. ಬೋಥಮ್ ಅಂದ್ರೆ ಮರಾನೂ ಇಲ್ಲ ಗಿಡಾನೂ ಇಲ್ಲ, ಬರೀ ‘ತಗ್ಗಿನಲ್ಲಿ ಇರೋನು’. ಆತ ಹುಟ್ಟಿದ್ದೂ ಚೆಷೈರ್‌ನ ಹೆಸ್ವಾಲಲ್ಲಿ, 1955ರಲ್ಲಿ, ಅಂದ್ರೆ ಈ ಹೆಸರುಗಳ ಸೀಮೆಯಲ್ಲೇ. ರಯಾನ್ ಸೈಡ್‌ಬಾಟಮ್ ಇದಾನಲ್ಲ, ಗುಂಗುರು ಕೂದಲಿನ ಎಡಗೈ ಬೌಲರ್, 2008ರಲ್ಲಿ ಹ್ಯಾಮಿಲ್ಟನ್ನಲ್ಲಿ ನ್ಯೂಜಿಲೆಂಡ್ ಮೇಲೆ ಹ್ಯಾಟ್ರಿಕ್ ತಗೊಂಡಿದ್ನಲ್ಲ, ಅವನ ಹೆಸರಲ್ಲಿರೋ ‘ಸೈಡ್’ ಪಕ್ಕ ಅಲ್ಲ, ಹಳೇ ಇಂಗ್ಲಿಷಿನ ‘ಸೀಡ್’, ಅಂದ್ರೆ ಅಗಲ. ಅಗಲ ಕಣಿವೆ. ಅವನಪ್ಪ ಆರ್ನಿನೂ 1985ರಲ್ಲಿ ಒಂದೇ ಒಂದು ಟೆಸ್ಟ್ ಆಡಿದ್ದ, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಫುಟ್‌ಬಾಲೂ ಆಡಿದ್ದ.

ಈ ಕುಟುಂಬದ ಹೆಸರುಗಳು ತುಂಬಾ ಇವೆ. ವಿಂಟರ್‌ಬಾಟಮ್ ಅಂದ್ರೆ ಚಳಿಗಾಲದಲ್ಲಿ ದನ ಮೇಯಿಸೋ ಕಣಿವೆ. ರೋಬಾಥಮ್ ಅಂದ್ರೆ ಒರಟು ನೆಲದ ಕಣಿವೆ. ರ್‍ಯಾಮ್ಸ್‌ಬಾಟಮ್ ಅಂತೂ ಇರ್ವೆಲ್ ನದಿ ದಡದ ಊರೇ ಇದೆ, ಟಗರಿನ ಕಣಿವೇನೋ ಕಾಡು ಬೆಳ್ಳುಳ್ಳಿ ಕಣಿವೇನೋ ಅಂತ ಎರಡು ವಾದ, ವಸಂತದಲ್ಲಿ ಆ ಕಡೆ ಕಾಡಲ್ಲಿ ನಡೆದ್ರೆ ಬೆಳ್ಳುಳ್ಳಿ ಘಮಕ್ಕೆ ನಾನು ಎರಡನೇ ಪಾರ್ಟಿಗೆ ಸೇರ್ಕೊಂಡಿದೀನಿ. ಎಲ್ಲಕ್ಕಿಂತ ನನಗಿಷ್ಟ ಶಫಲ್‌ಬಾಟಮ್. ಕೇಳೋಕೆ ಯಾರೋ ಸೊಂಟ ಕುಣಿಸ್ಕೊಂಡು ಹೋದಂಗಿದೆ, ಆದ್ರೆ ಮೂಲ ಲ್ಯಾಂಕಾಷೈರ್‌ನ ಶಿಪ್ಪರ್‌ಬಾಟಮ್, ಕುರಿ ತೊಳೆಯೋ ಒರತೆ ಇರೋ ತಗ್ಗು. ಉಣ್ಣೆ ಕತ್ತರಿಸೋಕೆ ಮುಂಚೆ ಕುರೀನ ಹಳ್ಳಕ್ಕಿಳಿಸಿ ಮೈ ತೊಳೀತಿದ್ರು, ಕೊಳೆ ಇದ್ರೆ ಉಣ್ಣೆಗೆ ರೇಟ್ ಸಿಗ್ತಿರ್ಲಿಲ್ಲ. ಅದೇ ಹೆಸರು ಶಫಲ್‌ಬಾಥಮ್ ಅಂತಾನೂ ಆಗಿದೆ.

ಮೊದಲು ಕೇಳಿದವರು ಮತ್ತೆ:
ಅಬ್ಬಾ, ಥ್ಯಾಂಕ್ಸ್ ಸರ್. ಆದ್ರೆ ಎಷ್ಟು ಜನ ಅಂತ ಹೇಳ್ಲೇ ಇಲ್ಲ. ಅಪರೂಪಾನಾ ಅಲ್ವಾ?

ಉತ್ತರ:
ಅಪರೂಪ ಅನ್ನೋದು ನೀವು ಎಲ್ಲಿ ನಿಂತು ಎಣಿಸ್ತೀರಿ ಅನ್ನೋದರ ಮೇಲಿದೆ. ಬ್ರಿಟನ್ನಲ್ಲಿ ಸ್ಮಿತ್‌ಗಳು ಐದು ಲಕ್ಷ ದಾಟ್ತಾರೆ. ಯಾಕಂದ್ರೆ ಪ್ರತೀ ಹಳ್ಳಿಗೂ ಒಬ್ಬ ಕಮ್ಮಾರ ಇದ್ದ, ಹೆಸರು ಸಾವಿರ ಕಡೆ ಬೇರೆ ಬೇರೆಯಾಗಿ ಹುಟ್ತು, ನಮ್ಮಲ್ಲಿ ಕಂಬಾರ, ಬಡಿಗೇರ ಅನ್ನೋರು ಊರೂರಲ್ಲಿ ಇರೋ ತರ. ಹಿಗ್ಗಿನ್‌ಬಾಥಮ್ ಹಂಗಲ್ಲ, ಒಂದು ತಗ್ಗು, ಬಹುಶಃ ಅಲ್ಲಿಂದ ಹೊರಟ ಒಂದೆರಡು ಮನೆ. ಸ್ಮಿತ್ ಪಕ್ಕ ಇಟ್ರೆ ಇದು ಒಂದು ಹಿಡಿ. ಆದ್ರೆ ಸ್ಟಾಕ್‌ಪೋರ್ಟ್, ಮಾರ್ಪಲ್, ಗ್ಲಾಸಪ್ ಕಡೆ ಬನ್ನಿ, ಲ್ಯಾಂಕಾಷೈರ್, ಚೆಷೈರ್, ಡರ್ಬಿಷೈರ್ ಸೇರೋ ಮೂಲೆ ಅದು, ಅಲ್ಲಿ ಸ್ಮಶಾನದ ಕಲ್ಲುಗಳಲ್ಲಿ, ಯುದ್ಧ ಸ್ಮಾರಕಗಳಲ್ಲಿ ಈ ಹೆಸರು ಕಾಣೋಕೆ ಹುಡುಕ್ಬೇಕಾಗಿಲ್ಲ. ದಕ್ಷಿಣಕ್ಕೆ ಡೆವನ್ ಕಡೆ ಹೋಗಿ ಹೇಳಿದ್ರೆ ಸ್ಪೆಲ್ಲಿಂಗ್ ಕೇಳ್ತಾರೆ.

ನಾವು ಅಂಕಿ ಹಾಕೋದು ಹತ್ತು ಲಕ್ಷಕ್ಕೆ ಎಷ್ಟು ಜನ ಅಂತ, ಅದೂ 1881ರ ಜನಗಣತಿ ಇಟ್ಕೊಂಡು, ಯಾಕಂದ್ರೆ ಅದನ್ನ ಪೂರ್ತಿ ಕಂಪ್ಯೂಟರಿಗೆ ಹಾಕಿದಾರೆ, ಜನ ಅಷ್ಟೊಂದು ಊರು ಬಿಡೋ ಮುಂಚಿನದು. ಆಗ ಇಂಗ್ಲೆಂಡ್ ವೇಲ್ಸ್ ಜನಸಂಖ್ಯೆ ಹತ್ರ ಹತ್ರ 2 ಕೋಟಿ 60 ಲಕ್ಷ. ನೀವೇ ಪುಕ್ಕಟೆ ನೋಡ್ಬಹುದು, ಆದ್ರೆ ಒಂದೇ ಸ್ಪೆಲ್ಲಿಂಗ್ ಕೊಟ್ಟು ಎಣಿಸಿದ್ರೆ ಎಲ್ರೂ ಸಿಗಲ್ಲ. ಎರಡು ಜಿ, ಒಂದು ಜಿ, ಹಿ, ಹೆ, ಹಿಕ್ಕಿನ್, ಹಿಕ್ಕನ್, ಕೊನೇಲಿ ಬಾಟಮ್, ಬಾಥಮ್, ಎಲ್ಲಾ ಹಾಕಿ ನೋಡ್ಬೇಕು. ಮೊದಲಕ್ಷರ ಹೆಚ್ ಇಲ್ದೇನೂ ಹುಡುಕಿ, ಈ ಕಡೆ ಜನ ಹಕಾರ ನುಂಗ್ತಾರೆ, ಹಾಲಿಗೆ ಆಲು ಅನ್ನೋ ನಮ್ಮ ಮಂಡ್ಯದೋರ ತರಾನೇ.

ಹೆಸರು ಅಪರೂಪ ಆಗೋಕೆ ಇನ್ನೊಂದು ಕಾರಣ ಬರೀ ಲೆಕ್ಕ. ಅಡ್ಡಹೆಸರು ಗಂಡುಮಕ್ಕಳ ಮೂಲಕ ಮಾತ್ರ ಇಳಿಯೋದ್ರಿಂದ, ಒಂದು ತಲೆಮಾರಲ್ಲಿ ಬರೀ ಹೆಣ್ಣು ಹುಟ್ಟಿದ್ರೆ ಆ ಕವಲು ಮುಗೀತು. ಹೆಸರುಗಳು ಹಿಂಗೆ ಹೆಂಗೆ ಅಳಿದು ಹೋಗುತ್ತೆ ಅನ್ನೋ ಪ್ರಶ್ನೇನ 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಪತ್ರಿಕೇಲಿ ಹಾಕಿದ್ದ, ಮಾರನೇ ವರ್ಷ ವಾಟ್ಸನ್ ಅನ್ನೋ ಪಾದ್ರಿ ಜೊತೆ ಸೇರಿ ಗಣಿತ ಬಿಡಿಸಿದ. ಅದು ಇವತ್ತು ಪರಮಾಣು ಸರಪಳಿ ಕ್ರಿಯೆಗೂ ಬಳಸೋ ಲೆಕ್ಕ ಆಗಿದೆ.

ನ್ಯೂಜೆರ್ಸಿಯಿಂದ ಒಬ್ರು:
ನಮ್ಮ ಆಫೀಸಲ್ಲಿ ಈ ಹೆಸರಿನೋರೊಬ್ರಿದಾರೆ, ಆದ್ರೆ ಅವ್ರು ಆಫ್ರಿಕನ್ ಅಮೆರಿಕನ್. ಇದು ಹೆಂಗೆ?

ಉತ್ತರ:
ಇದಕ್ಕೆ ಓಕ್ ಮರದ ಕಥೆ ಸಾಕಾಗಲ್ಲ. ಹಿಗ್ಗಿನ್‌ಬಾಥಮ್‌ಗಳು ವರ್ಜೀನಿಯಾ ಕಡೆ ವಲಸೆ ಹೋದ್ರು, ದಕ್ಷಿಣದಲ್ಲಿ ಹಬ್ಬಿದ್ರು. ಅಲ್ಲಿ ಗುಲಾಮಗಿರಿಯಲ್ಲಿದ್ದ ಜನಕ್ಕೆ ಒಡೆಯರ ಹೆಸರು, ಅಕ್ಕಪಕ್ಕದ ಮನೆತನದ ಹೆಸರು ಅಂಟಿಕೊಳ್ತಿತ್ತು, ಬಿಡುಗಡೆ ಆದ್ಮೇಲೆ ಕೆಲವರು ಇಟ್ಕೊಂಡ್ರು, ಕೆಲವರು ಬೇರೆ ಹೆಸರು ಆರಿಸ್ಕೊಂಡ್ರು. ಹಾಗಾಗಿ ಒಂದೇ ಹೆಸರು ಅಂದ್ರೆ ಒಂದೇ ರಕ್ತ ಅಲ್ಲ. ನಿಮ್ಮ ನ್ಯೂಜೆರ್ಸಿಯ ಟ್ರೆಂಟನ್ನಲ್ಲೇ 1928ರಲ್ಲಿ ಹುಟ್ಟಿದ ಲಿಯಾನ್ ಹಿಗ್ಗಿನ್‌ಬಾಥಮ್ ದೊಡ್ಡ ಫೆಡರಲ್ ನ್ಯಾಯಾಧೀಶ, ಗುಲಾಮಗಿರಿ ಕಾಲದ ಕಾನೂನುಗಳ ಬಗ್ಗೇನೇ ಸಂಶೋಧನೆ ಮಾಡಿದ ಮನುಷ್ಯ. ನಿಮ್ಮ ಆಫೀಸಿನೋರಿಗೆ ನಿಮ್ಮ ಹೆಸರಿನ ಮೂಲ ಇಂಗ್ಲೆಂಡಿನ ಕಣಿವೆ ಅಂತ ನೀವಾಗೇ ಹೋಗಿ ಹೇಳ್ಬೇಡಿ ಅನ್ನೋದು ನನ್ನ ಸಲಹೆ, ಅವ್ರು ಕೇಳಿದ್ರೆ ಹೇಳಿ. ಈಗ ಅಮೆರಿಕದಲ್ಲಿರೋ ಹಿಗ್ಗಿನ್‌ಬಾಥಮ್‌ಗಳು ಇಂಗ್ಲೆಂಡಿಗಿಂತ ಜಾಸ್ತಿ.

ಒಂದೇ ಜಿ ಇರೋ ಕವಲಲ್ಲೂ ಹೆಸರು ಮಾಡಿದೋರು ಇದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮುಖ್ಯ ನ್ಯಾಯಮೂರ್ತಿ ಆಗಿದ್ದ ಜಾರ್ಜ್ ಹಿಗಿನ್‌ಬಾಥಮ್ ಡಬ್ಲಿನ್ನಲ್ಲಿ ಹುಟ್ಟಿದವನು. ಅಮೆರಿಕದ ವಿಲಿಯಂ ಹಿಗಿನ್‌ಬಾಥಮ್ 1958ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯ ನೋಡೋಕೆ ಬಂದ ಜನಕ್ಕೆ ಬೋರಾಗ್ಬಾರ್ದು ಅಂತ ಆಸಿಲೋಸ್ಕೋಪ್ ಅನ್ನೋ ಅಳತೆ ಯಂತ್ರದ ಪರದೆ ಮೇಲೆ ಟೆನಿಸ್ ಆಟ ಮಾಡಿಟ್ಟಿದ್ದ, ವಿಡಿಯೋ ಗೇಮ್‌ಗಳ ಅಜ್ಜಂದಿರಲ್ಲಿ ಅದೂ ಒಂದು.

ಮೊದಲು ಕೇಳಿದವರು:
ಮಗಳಿಗೆ ಓದಿ ಹೇಳಿದೆ ಸರ್. ವಿಡಿಯೋ ಗೇಮ್ ಅಂದಿದ್ದಕ್ಕೆ ಕಣ್ಣರಳಿಸಿದ್ಲು, ಕುರಿ ತೊಳೆಯೋದಕ್ಕೆ ಜಾಸ್ತಿ ನಕ್ಕಳು. ಡಿಕ್ಷನರೀಲಿ ‘ಬಾಟಮ್’ ತೆಗೆದು ನೋಡಿದ್ವಿ, ನಾಲ್ಕನೇ ಅರ್ಥ ‘ತಗ್ಗು ನೆಲ, ಕಣಿವೆ’ ಅಂತಾನೇ ಇದೆ, ತಾತ ಅದರ ಪಕ್ಕ ಪೆನ್ಸಿಲಲ್ಲಿ ಒಂದು ಗೆರೆ ಬೇರೆ ಎಳೆದಿದಾರೆ. ಯಾಕೋ ಗೊತ್ತಿಲ್ಲ.

ಉತ್ತರ:
ಆ ಪುಟದ್ದೂ ಚೀಟೀದೂ ಫೋಟೋ ಹಾಕಿ ಮಾರಾಯ್ರೆ, ಪೆನ್ಸಿಲ್ ಗೆರೆ ಅಳಿಸ್ಬೇಡಿ.