ಹೆಕ್ಸಮಿನ್ ಗುಳಿಗೆಗೆ ಮನೆಯಲ್ಲೇ ಮಾಡಿದ ಪುಟ್ಟ ಒಲೆ: ನೀರು ಕುದಿಯುತ್ತಿಲ್ಲ, ಸಲಹೆ ಬೇಕು

ಬೆಟ್ಟದಹಾದಿ:
ಎಲ್ಲರಿಗೂ ನಮಸ್ಕಾರ. ಅಕ್ಟೋಬರಿನಲ್ಲಿ ಉತ್ತರಾಖಂಡದಲ್ಲಿ ಆರು ದಿನಗಳ ಚಾರಣಕ್ಕೆ ಹೊರಟಿದ್ದೇನೆ. ಬೆನ್ನಚೀಲದ ಭಾರ ಏಳು ಕಿಲೋ ದಾಟಬಾರದೆಂದು ಗ್ಯಾಸ್ ಒಲೆಯನ್ನು ಬಿಟ್ಟು, ಚಹಾಕ್ಕೂ ಗಂಜಿಗೂ ಬೇಕಾದ ನೀರನ್ನು ಹೆಕ್ಸಮಿನ್ ಎಂಬ ಘನ ಇಂಧನದ ಗುಳಿಗೆಯಲ್ಲೇ ಕಾಯಿಸಿಕೊಳ್ಳಲು ನಿರ್ಧರಿಸಿದ್ದೇನೆ. ಹಾಲಿನ ಪುಡಿಯ ಡಬ್ಬಿಯ ತಳವನ್ನು ಎರಡು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ, ಮೇಲೆ ಹಾರ್ಡ್‌ವೇರ್ ಅಂಗಡಿಯ ಜಿಐ (ಸತು ಲೇಪಿಸಿದ ಕಬ್ಬಿಣ) ಜಾಲರಿಯ ತುಂಡನ್ನು ಕೂರಿಸಿದ್ದೇನೆ. ಒಟ್ಟು ತೂಕ 19 ಗ್ರಾಂ. ಆದರೆ ತಾರಸಿಯ ಮೇಲೆ 14 ಗ್ರಾಂನ ಗುಳಿಗೆ ಹಚ್ಚಿ ಅರ್ಧ ಲೀಟರ್ ನೀರಿಟ್ಟು ನೋಡಿದಾಗ, ಗುಳಿಗೆ ಪೂರ್ತಿ ಉರಿದು ಮುಗಿದರೂ ನೀರು ಕುದಿಯಲಿಲ್ಲ. ಪಾತ್ರೆಯ ತಳಕ್ಕೆ ಕಂದು ಬಣ್ಣದ ಅಂಟು ಮಾತ್ರ ಹಿಡಿಯಿತು. ತಪ್ಪು ಎಲ್ಲಿದೆ? ಗುಳಿಗೆ ಸಿಗದಿದ್ದರೆ ಕರ್ಪೂರ ನಡೆದೀತೇ?

ತಗಡುಕೆಲಸ:
ಗುಳಿಗೆಯಲ್ಲಿ ಶಾಖದ ಕೊರತೆಯಿಲ್ಲ. ಒಂದು ಗ್ರಾಂ ಹೆಕ್ಸಮಿನ್ ಸುಮಾರು 30 ಕಿಲೋಜೂಲ್ ಕೊಡುವುದರಿಂದ ನಿಮ್ಮ ಗುಳಿಗೆಯಲ್ಲಿ 420 ಕಿಲೋಜೂಲ್ ಇದೆ. 20 ಡಿಗ್ರಿಯ ಅರ್ಧ ಲೀಟರ್ ನೀರು ಕುದಿಯಲು ಬೇಕಾದದ್ದು ಸುಮಾರು 170. ಐದರಲ್ಲಿ ಎರಡು ಪಾಲು ಪಾತ್ರೆಗೆ ತಲುಪಿದರೂ ಸಾಕಾಗುತ್ತದೆ. ಬೆಟ್ಟದ ಮೇಲೆ 3,500 ಮೀಟರ್ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆಯಾದರೂ ಅಲ್ಲಿನ ತೊರೆಯ ನೀರು ಬಹಳ ತಣ್ಣಗಿರುವುದರಿಂದ ಲೆಕ್ಕ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ.

ತೊಂದರೆ ಇರುವುದು ಅಂತರದಲ್ಲಿ. ಎರಡು ಸೆಂಟಿಮೀಟರಿನ ಬಟ್ಟಲಿನಲ್ಲಿ ಗುಳಿಗೆಯೇ ಒಂದಕ್ಕಿಂತ ಹೆಚ್ಚು ಎತ್ತರ ತಿನ್ನುತ್ತದೆ. ಉಳಿದ ಕಿಂಡಿಯಲ್ಲಿ ಜ್ವಾಲೆ ಪೂರ್ತಿ ಉರಿಯುವ ಮುನ್ನವೇ ತಣ್ಣನೆಯ ಲೋಹಕ್ಕೆ ತಗುಲಿ ಅರೆಬೆಂದು ನಿಲ್ಲುತ್ತದೆ, ಆ ಅಂಟು ಹೆಚ್ಚಾಗುವುದೂ ಅದರಿಂದಲೇ. ಗುಳಿಗೆಯ ನೆತ್ತಿಯಿಂದ ಪಾತ್ರೆಯ ತಳಕ್ಕೆ ಎರಡೂವರೆಯಿಂದ ಮೂರು ಸೆಂಟಿಮೀಟರ್ ಬಿಡಿ. ನಾನು ಹಳೆಯ ಸೈಕಲ್ ಚಕ್ರದ ಕಡ್ಡಿಗಳನ್ನು ಇಕ್ಕಳದಲ್ಲಿ ಬಗ್ಗಿಸಿ, ಮೂರು ಒಲೆಗುಂಡುಗಳಂತೆ ನಿಲ್ಲುವ ಕಾಲುಗಳನ್ನು ಮಾಡಿಕೊಂಡಿದ್ದೇನೆ. ಗುಳಿಗೆಗೆ ನಡುವೆ ಒಂದು ಚಿಕ್ಕ ತಗಡಿನ ತಟ್ಟೆ.

ಇದಕ್ಕಿಂತಲೂ ಮುಖ್ಯವಾದದ್ದು ಗಾಳಿತಡೆ, ಏಕೆಂದರೆ ಈ ಜ್ವಾಲೆ ಬಹಳ ಸಾಧುವಾದದ್ದು ಮತ್ತು ತಾರಸಿಯ ಮೇಲಿನ ಸಣ್ಣ ಗಾಳಿಯೂ ಅರ್ಧ ಶಾಖವನ್ನು ಹೊತ್ತೊಯ್ಯಬಲ್ಲದು. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಪಾತ್ರೆಯ ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟು ನಿಲ್ಲಿಸಿ; ಬುಡದಲ್ಲಿ ಸಾಲಾಗಿ ತೂತುಗಳಿರಲಿ. ಹಾಳೆ ನೇರವಾಗಿ ಜ್ವಾಲೆಗೆ ತಾಗದಂತೆ ನೋಡಿಕೊಳ್ಳಿ, ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ.

ಹಳೆಯಚಾರಣಿಗ:
ದಯವಿಟ್ಟು ಜಿಐ ಜಾಲರಿಯನ್ನು ಇಂದೇ ತೆಗೆದುಹಾಕಿ. ಅದರ ಮೇಲಿನ ಸತುವಿನ ಲೇಪ 419 ಡಿಗ್ರಿಗೆ ಕರಗುತ್ತದೆ; ಅತಿಯಾಗಿ ಕಾದಾಗ ಏಳುವ ಹೊಗೆಯನ್ನು ಉಸಿರಾಡಿದರೆ ಚಳಿಜ್ವರ ಬರುವುದು ಬೆಸುಗೆ ಹಾಕುವವರಿಗೆಲ್ಲ ಗೊತ್ತು. ಜಾಲರಿ ಬೇಕೇಬೇಕೆಂದಿದ್ದರೆ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ ತನ್ನಿ.

ಕರ್ಪೂರ ಬೇಡ. ಅದು ಸುಮಾರು 175 ಡಿಗ್ರಿಗೆ ಕರಗಿ ಹರಿಯುತ್ತದೆ, ಉರಿಯುತ್ತಲೇ ತಟ್ಟೆಯಿಂದ ಆಚೆ ಚೆಲ್ಲಬಹುದು, ಪಾತ್ರೆಗೆ ದಪ್ಪ ಮಸಿ ಮೆತ್ತುತ್ತದೆ. ಹೆಕ್ಸಮಿನ್ ಉರಿಯುವಾಗ ಕರಗಿ ಹರಿಯುವುದಿಲ್ಲ, ಬೂದಿಯನ್ನೂ ಬಿಡುವುದಿಲ್ಲ. 1936ರಲ್ಲಿ ಜರ್ಮನಿಯ ಎರಿಕ್ ಶುಮ್ ಇದನ್ನು ಗುಳಿಗೆಯ ರೂಪಕ್ಕೆ ತಂದಾಗಿನಿಂದ ಸೈನಿಕರೂ ಚಾರಣಿಗರೂ ನೆಚ್ಚಿಕೊಂಡಿರುವುದು ಈ ಗುಣಗಳನ್ನೇ. ಈ ಗುಳಿಗೆಯ ಎಸ್ಬಿಟ್ ಎಂಬ ಬ್ರ್ಯಾಂಡ್ ಹೆಸರಿನ ಮೊದಲಕ್ಷರಗಳೂ ಅವರ ಹೆಸರಿನಿಂದಲೇ ಬಂದವು.

ಇನ್ನೊಂದು ಮಾತು, ಇದನ್ನು ಕಡೆಗಣಿಸಬೇಡಿ: ಗುಳಿಗೆಯ ಹೊಗೆಯಲ್ಲಿ ಫಾರ್ಮಾಲ್ಡಿಹೈಡಿನಂಥ ವಿಷಗಳಿರಬಹುದು, ಕಾರ್ಬನ್ ಮಾನಾಕ್ಸೈಡೂ ಇರುತ್ತದೆ. ಎಷ್ಟೇ ಚಳಿಯಿರಲಿ, ಡೇರೆಯೊಳಗೆ ಹಚ್ಚಕೂಡದು. ಬಿಸಿಲಿನಲ್ಲಿ ಅದರ ನೀಲಿ ಜ್ವಾಲೆ ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಆರಿತೆಂದು ಕೈಯಿಡುವ ಮುನ್ನ ಕಾಯಿರಿ. ವಿಮಾನದಲ್ಲಿ ಈ ಗುಳಿಗೆಗಳನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಒಪ್ಪಿಸುವ ಸಾಮಾನಿನಲ್ಲೂ ಹಾಕುವಂತಿಲ್ಲ; ಒಲೆಯನ್ನು ಮಾತ್ರ ತೆಗೆದುಕೊಂಡು ಹೋಗಿ, ಗುಳಿಗೆಯನ್ನು ಅಲ್ಲಿಯೇ ಕೊಳ್ಳಿರಿ. ಕೊಂಡದ್ದನ್ನು ಗಾಳಿಯಾಡದ ಚೀಲದಲ್ಲಿಡಿ, ತೇವ ಹೀರಿದ ಗುಳಿಗೆ ಸಿಡಿದು ಚೂರಾಗುತ್ತದೆ.

ಬೆಟ್ಟದಹಾದಿ:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಾಲರಿ ಬಿಟ್ಟು ಸೈಕಲ್ ಕಡ್ಡಿಯ ಕಾಲುಗಳನ್ನು ಮಾಡಿದೆ, ಗಾಳಿತಡೆಯನ್ನೂ ಕಟ್ಟಿದೆ. ಗಾಳಿತಡೆ ಸೇರಿ ಒಟ್ಟು 31 ಗ್ರಾಂ ಆಯಿತು, ಆದರೆ ಅದೇ ತಾರಸಿಯಲ್ಲಿ ಅದೇ ಪಾತ್ರೆಯ ನೀರು ಒಂಬತ್ತು ನಿಮಿಷಕ್ಕೆ ಕುದಿಯಿತು. ಮುಚ್ಚಳ ಹಾಕಿ ಉರಿ ಆರಿಸಿದಾಗ ಗುಳಿಗೆಯ ತುಣುಕೊಂದು ಉಳಿದಿತ್ತು, ಅದನ್ನು ಮರಳಿ ಬಳಸಬಹುದೆಂದು ತಿಳಿದು ತುಂಬ ಸಂತೋಷವಾಯಿತು. ಅಂಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ತಗಡುಕೆಲಸ:
ಪೂರ್ತಿ ಹೋಗುವುದಿಲ್ಲ. ನಮ್ಮ ಅಜ್ಜಿ ಪಾತ್ರೆಯನ್ನು ಸೌದೆ ಒಲೆಗೆ ಏರಿಸುವ ಮುನ್ನ ಹೊರಮೈಗೆ ಒದ್ದೆ ಬೂದಿ ಸವರುತ್ತಿದ್ದರು. ನಾನು ಬೆಟ್ಟದಲ್ಲಿ ಒದ್ದೆ ಮಣ್ಣನ್ನು ತಳಕ್ಕೆ ತೆಳುವಾಗಿ ಸವರುತ್ತೇನೆ. ಆರಿದ ಮೇಲೆ ಹುಲ್ಲಿನಿಂದ ಉಜ್ಜಿದರೆ ಅಂಟಿನ ಬಹುಪಾಲು ಮಣ್ಣಿನೊಡನೆ ಉದುರುತ್ತದೆ, ಉಳಿದದ್ದಕ್ಕೆ ಪಾತ್ರೆಯನ್ನು ಒಂದು ಬಟ್ಟೆಚೀಲದಲ್ಲಿ ಹಾಕಿಟ್ಟುಕೊಂಡರೆ ಬೇರೆ ಸಾಮಾನಿಗೆ ತಗಲುವುದಿಲ್ಲ.